ನಡುಗುವ ನೆಲ, ಜಾರುವ ಗುಡ್ಡ

ಕೇಳುಗ ಬಂಧುಗಳಿಗೆ ನಮಸ್ಕಾರ.

ನಮ್ಮ ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಜೋಳದ ರಾಶಿ ನೋಡಿದ್ದೀರಲ್ವಾ? ಚೀಲ ಬಿಚ್ಚಿ ಸುರಿದಂತೆ ರಾಶಿ ಒಂದು ಮಟ್ಟದ ತನಕ ಏರುತ್ತದೆ. ಆಮೇಲೆ ಎಷ್ಟು ಸುರಿದರೂ ಕಾಳು ಬದಿಗೆ ಜಾರುತ್ತದೆ. ನಾನು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಾಗ ಮನೆಯಿಂದ ಒಂದು ಮೊರ, ಒಂದು ಸೇರು ಜೋಳ ಒಯ್ಯುತ್ತಿದ್ದೆ. ಮೊರದ ನಡುವೆ ಜೋಳ ಗುಪ್ಪೆ ಹಾಕಿ, ಯಾರಾದರೂ ಒಬ್ಬ ಹುಡುಗಿಯನ್ನು ಕರೆದು, 'ಅಂಚಿಗೆ ಒಮ್ಮೆ ಬೆರಳಿನಿಂದ ತಟ್ಟವ್ವಾ' ಅನ್ನುತ್ತಿದ್ದೆ. ಟಕ್. ಗುಪ್ಪೆಯ ಒಂದು ಮಗ್ಗುಲು ಸರ್ರನೆ ಇಳಿದುಬಿಡುತ್ತಿತ್ತು. ಮಕ್ಕಳು ಬೆಂಚಿನ ಮೇಲೆ ಎದ್ದು ನಿಂತು ನೋಡುತ್ತಿದ್ದರು.

ಭೂಕಂಪಕ್ಕೆ ಗುಡ್ಡ ಕುಸಿಯುವುದು ಹೆಚ್ಚುಕಡಿಮೆ ಹೀಗೇ. ಗುಡ್ಡದ ಮಣ್ಣು ತನ್ನ ಭಾರಕ್ಕೆ ತಾನೇ ಸದಾ ಕೆಳಗೆ ಜಗ್ಗುತ್ತಿರುತ್ತದೆ. ಕಲ್ಲಿಗೆ ಕಲ್ಲು ಒತ್ತಿಕೊಂಡು, ಬೇರು ಹೆಣೆದುಕೊಂಡು, ಜಿಗುಟು ಮಣ್ಣು ಅಂಟಿಕೊಂಡು ಅದನ್ನು ತಡೆದಿರುತ್ತವೆ. ನೆಲ ಅಡ್ಡಡ್ಡ ಅಲುಗಿದಾಗ ಆ ಹಿಡಿತ ತಪ್ಪುತ್ತದೆ. ತೆಂಗಿನ ಮರದ ತುದಿ ಬುಡಕ್ಕಿಂತ ಜಾಸ್ತಿ ತೂಗುವ ಹಾಗೆ, ಗುಡ್ಡದ ನೆತ್ತಿಯೂ ಬುಡಕ್ಕಿಂತ ಜಾಸ್ತಿ ಅಲುಗುತ್ತದೆ. ಅದಕ್ಕೇ ಎಷ್ಟೋ ಕುಸಿತ ನೆತ್ತಿಯಿಂದಲೇ ಕಿತ್ತು ಬರುತ್ತವೆ. ಮಣ್ಣು ಮೊದಲೇ ನೆನೆದಿದ್ದರಂತೂ ಕೇಳುವುದೇ ಬೇಡ. 2018ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಹೊಕ್ಕೈಡೊದಲ್ಲಿ ಚಂಡಮಾರುತ ಹಾದುಹೋದ ಬೆನ್ನಿಗೇ ಭೂಮಿ ನಡುಗಿತು. ಸಾವಿರಾರು ಕಡೆ ಗುಡ್ಡ ಕುಸಿಯಿತು. ಅತ್ಸುಮಾ ಅನ್ನುವ ಸಣ್ಣ ಊರೊಂದರಲ್ಲೇ 36 ಜನ ಸತ್ತರು.

ನಮ್ಮದು ಬಯಲು. ಭೂಕಂಪ ಅಂದರೆ ನಮಗೆ ನೆನಪಾಗುವುದು ಮನೆ ಬೀಳುವುದು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಿ ಭೂಕಂಪ ಆಯಿತು. ಆಗ ನಮ್ಮ ಮನೆಯಲ್ಲಿ ಏನಾಯಿತು ಅಂತ ನಮ್ಮ ಅವ್ವ ಎಷ್ಟೋ ಸಲ ಹೇಳಿದ್ದಳು. ನಾಗಂದಿಗೆಯ ಮೇಲಿನ ತಾಮ್ರದ ಕೊಡ ತಾನೇ ಗಡಗಡ ಅಂದಿತಂತೆ. ಮೇಲ್ಮುದ್ದೆಯಿಂದ ಮಣ್ಣು ಉದುರಿ ತೊಟ್ಟಿಲೊಳಗೆ ಬಿತ್ತಂತೆ. ಮಕ್ಕಳನ್ನು ಬಾಚಿಕೊಂಡು ಕಣಕ್ಕೆ ಓಡಿದರಂತೆ. 1993ರ ಸೆಪ್ಟೆಂಬರ್ 30ರಂದು ಅದೇ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪಕ್ಕೆ ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೇ ಕುಸಿದವು. ಹೊರಗೆ ಬಯಲಿಗೆ ಬಂದರೆ ಬದುಕಿದೆವು ಅನ್ನುವುದು ನಮ್ಮ ಲೆಕ್ಕ.

ಬೆಟ್ಟದ ಸೀಮೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಬಯಲು ಅನ್ನುವುದೇ ಗುಡ್ಡದ ಬುಡ ಅಥವಾ ಹೊಳೆಯ ದಂಡೆ.

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಯುಂಗೈ ಅಂತ ಒಂದು ಊರಿತ್ತು. ಅದರ ಮೇಲೆ ಹುವಾಸ್ಕರಾನ್ ಅನ್ನುವ ಹಿಮಬೆಟ್ಟ. 1970ರ ಮೇ 31, ಭಾನುವಾರ ಮಧ್ಯಾಹ್ನ. ಭೂಮಿ ನಡುಗಿದ್ದು ಒಂದು ನಿಮಿಷವೂ ಇರಲಿಲ್ಲ. ಎಷ್ಟೋ ಮನೆ ಬಿದ್ದವು. ಉಳಿದವರು ಬೀದಿಗೆ ಬಂದರು. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಸದ್ದು. ಶಿಖರದ ಒಂದು ಮಗ್ಗುಲೇ ಕಳಚಿ, ಮಂಜು, ಬಂಡೆ, ಕೆಸರು ಎಲ್ಲ ಕಲಸಿಕೊಂಡು ಸುಮಾರು 15 ಕಿಲೋಮೀಟರ್ ದೂರವನ್ನು ಕೆಲವೇ ನಿಮಿಷದಲ್ಲಿ ದಾಟಿ ಬಂತು. ಊರು ಊರೇ ಮುಚ್ಚಿಹೋಯಿತು. ಊರ ಪಕ್ಕ ಒಂದು ದಿಬ್ಬದ ಮೇಲೆ ಸ್ಮಶಾನ ಇತ್ತು. ಓಡಿ ಅದನ್ನು ಹತ್ತಿದವರು 92 ಜನ. ಅವರು ಉಳಿದರು. ಊರ ಚೌಕದಲ್ಲಿ ಕೆಸರಿನ ಮೇಲೆ ತಲೆ ಎತ್ತಿ ನಿಂತಿದ್ದು ನಾಲ್ಕು ತಾಳೆ ಜಾತಿಯ ಮರ ಮಾತ್ರ. ಸತ್ತವರ ದಿಬ್ಬವೇ ಬದುಕಿದವರನ್ನು ಕಾಯ್ದಿತು. ಇದನ್ನು ಪಾಠ ಮಾಡುವಾಗ ಪ್ರತಿ ವರ್ಷವೂ ಇಲ್ಲಿಗೆ ಬಂದು ನನ್ನ ಗಂಟಲು ಕಟ್ಟುತ್ತಿತ್ತು.

ಹಾವೇರಿ ಕಡೆಯ ನನ್ನ ಹಳೆಯ ವಿದ್ಯಾರ್ಥಿ ಒಬ್ಬ ಸೇನೆಯಲ್ಲಿದ್ದ. 2011ರ ಸೆಪ್ಟೆಂಬರ್ 18ರ ಸಂಜೆ ಸಿಕ್ಕಿಂನಲ್ಲಿ ಭೂಕಂಪ ಆದಾಗ ಅಲ್ಲೇ ಇದ್ದ. ರಜೆಗೆ ಬಂದಾಗ ಮನೆಗೆ ಬಂದು, ಚಹಾ ಆರುವ ತನಕ ಸುಮ್ನೆ ಕೂತ. ಆಮೇಲೆ ಹೇಳಿದ: 'ಸರ್ರ, ನೆಲ ಅಳ್ಳಾಡಿದ್ದು ಅರ್ಧ ಮಿನಿಟ್ ರೀ. ಕಲ್ಲು ಉರುಳಿದ್ದು ರಾತ್ರಿಯೆಲ್ಲಾ.' ಮಳೆ ಬೇರೆ. ಉತ್ತರ ಸಿಕ್ಕಿಂಗೆ ಹೋಗುವ ರಸ್ತೆ ಅಲ್ಲಲ್ಲಿ ಮಣ್ಣಿನಡಿ ಸೇರಿತ್ತು. ಗಾಯಗೊಂಡವರು ಒಂದು ಕಡೆ, ಡಾಕ್ಟರು ಒಂದು ಕಡೆ. ಕುಸಿತದ ಹಾನಿ ಲೆಕ್ಕ ಹಾಕುವಾಗ ನಾವು ಮಣ್ಣಿನಡಿ ಸಿಕ್ಕವರನ್ನು ಎಣಿಸುತ್ತೇವೆ. ರಸ್ತೆ ಇಲ್ಲದೆ ಕಾದು ಕಾದು ಹೋದವರನ್ನು ಯಾರು ಎಣಿಸುತ್ತಾರೆ?

ಇನ್ನು ಹೊಳೆಯ ಮಾತು. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ.

1950ರ ಆಗಸ್ಟ್ 15. ದೇಶಕ್ಕೆ ಸ್ವಾತಂತ್ರ್ಯ ಬಂದು ಮೂರು ವರ್ಷ ತುಂಬಿದ ದಿನ. ಆ ರಾತ್ರಿ ಅಸ್ಸಾಂ, ಟಿಬೆಟ್ ಗಡಿಯಲ್ಲಿ 8.6 ತೀವ್ರತೆಯ ಭೂಕಂಪ ಆಯಿತು. ಹಿಮಾಲಯದ ಆ ತುದಿಯಲ್ಲಿ ಬೆಟ್ಟದ ಮೈಯೆಲ್ಲ ಸುಲಿದು ಬಿತ್ತು. ಆ ಮಣ್ಣು ಬ್ರಹ್ಮಪುತ್ರಕ್ಕೆ ಸೇರುವ ಸುಬನ್‌ಸಿರಿ ಹೊಳೆಗೆ ಅಡ್ಡ ಬಿದ್ದು ಕಟ್ಟೆಯಂತೆ ನಿಂತಿತು. ಮೇಲೆ ಕೆರೆ ತುಂಬುತ್ತಾ ಹೋಯಿತು. ಕೆಳಗಿನವರಿಗೆ ಭೂಕಂಪ ಮುಗಿದು ಎಂಟು ದಿನ ಆಗಿತ್ತು. ಕಟ್ಟೆ ಒಡೆಯಿತು. 500ಕ್ಕೂ ಜಾಸ್ತಿ ಜನ ನೀರು ಪಾಲಾದರು. ಅಷ್ಟೇ ಅಲ್ಲ, ಗುಡ್ಡದಿಂದ ಇಳಿದ ಮಣ್ಣು ವರ್ಷಗಟ್ಟಲೆ ಹರಿದು ಬಂದು ಬ್ರಹ್ಮಪುತ್ರದ ಪಾತ್ರವೇ ಮೇಲೆದ್ದಿತು. ದಿಬ್ರುಗಢದಂಥ ಊರನ್ನು ಹೊಳೆ ಅಂಚಿನಿಂದ ಕೊರೆಯುತ್ತಾ ಬಂತು. ಒಂದು ರಾತ್ರಿ ಬಿದ್ದ ಗುಡ್ಡದ ಋಣ ಎಷ್ಟು ದೂರದವರು, ಎಷ್ಟು ವರ್ಷ ತೀರಿಸಬೇಕಾಯಿತು ನೋಡಿ.

ಅದೇ ಕಷ್ಟ ಚೀನಾದ ಸಿಚುವಾನ್‌ನಲ್ಲಿ 2008ರ ಮೇ 12ರ ಭೂಕಂಪದ ನಂತರ ಎದುರಾಯಿತು. ಬೇಚುವಾನ್ ಊರಿನ ಮೇಲ್ಗಡೆ, ತಾಂಗ್‌ಜಿಯಾಶಾನ್ ಅನ್ನುವಲ್ಲಿ ಹೊಳೆ ಕಟ್ಟಿಕೊಂಡಿತು. ರಸ್ತೆ ಇಲ್ಲ. ಹೆಲಿಕಾಪ್ಟರಿನಲ್ಲಿ ಜೆಸಿಬಿಯಂಥ ಯಂತ್ರ ಇಳಿಸಿದರು. ಹಗಲು ರಾತ್ರಿ ಕಾಲುವೆ ತೋಡಿದರು. ಕೆಳಗಿನ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಮೇಲಕ್ಕೆ ಸಾಗಿಸಿದರು. ಜೂನ್ 10ರಂದು ನೀರು ರಭಸದಿಂದ ನುಗ್ಗಿತು. ಜನ ಮೊದಲೇ ಎದ್ದು ಹೋಗಿದ್ದರು. ಆ ನೀರಿಗೆ ಜೀವ ಹೋಗಲಿಲ್ಲ. ಸಮಯ ಇತ್ತು, ಅದನ್ನು ಬಳಸಿಕೊಂಡರು.

ನಮ್ಮ ಕಡೆಯ ಮಾತಿಗೆ ಬರೋಣ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಮುಂದೆ ಬೇಡ್ತಿಯಾಗಿ, ಗಂಗಾವಳಿಯಾಗಿ ಸಮುದ್ರ ಸೇರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಾಟಿ ಇದೇ ಹೊಳೆಗೆ ಬಿತ್ತು. ನೀರು ಎದ್ದು ಆಚೆ ದಂಡೆಯ ಉಳುವರೆಯ ಮನೆಗಳಿಗೆ ಬಡಿಯಿತು. ಅದು ಮಳೆಯ, ರಸ್ತೆಗಾಗಿ ಗುಡ್ಡ ಕಡಿದದ್ದರ ಕುಸಿತ. ಭೂಕಂಪದ್ದಲ್ಲ. ಆದರೆ ಗುಡ್ಡದ ಬುಡ ಕಡಿದರೆ ಮಳೆಗೂ ಅದು ಸಡಿಲ, ನಡುಕಕ್ಕೂ ಅದೇ ಸಡಿಲ. ಮೊರದ ಜೋಳದ ಗುಪ್ಪೆಯ ಬುಡದಿಂದ ಒಂದು ಹಿಡಿ ತೆಗೆದು ಆಮೇಲೆ ತಟ್ಟಿ ನೋಡಿ.

ನಮ್ಮ ಓಣಿಯಿಂದ ಈ ಸಲ ಇಪ್ಪತ್ತು ಜನ ಕೇದಾರ, ಬದರಿಗೆ ಹೊರಟಿದ್ದಾರೆ. ಪಕ್ಕದ ಮನೆಯ ಅಕ್ಕಾರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟುಕೊಂಡು, 'ಅಲ್ಲೆ ಭೂಕಂಪ ಆದ್ರ ಏನ್ ಮಾಡೂದ್ರಿ ಸರ್?' ಅಂತ ಕೇಳಿದರು. ನಾನು ಹೇಳಿದೆ: ಅಕ್ಕಾರ, ನಡುಕ ಇರುವಾಗ ತಲೆ ಕಾಯ್ದುಕೊಳ್ಳಿ. ನಿಂತ ಕೂಡಲೇ ಮೇಲೆ ನೋಡಿ. ಕಡಿದ ಗುಡ್ಡದ ಬುಡದಲ್ಲಿ ನಿಲ್ಲಬೇಡಿ. ಹಳ್ಳದ ಬಾಯಿಗೆ ಹೋಗಬೇಡಿ, ಬೀಳುವ ಮಣ್ಣಿಗೆ ಅದೇ ದಾರಿ. ಬಸ್ಸು ಅಲ್ಲೇ ಇದ್ದರೂ ಇರಲಿ, ಸಾಮಾನು ಅಲ್ಲೇ ಇದ್ದರೂ ಇರಲಿ. ಮತ್ತೆ ಮತ್ತೆ ಸಣ್ಣ ನಡುಕ ಬರುತ್ತದೆ, ಸಡಿಲಾದ ಕಲ್ಲು ಆಗ ಇಳಿಯುತ್ತದೆ. ಹೊಳೆಯ ನೀರು ಇದ್ದಕ್ಕಿದ್ದಂತೆ ಕಡಿಮೆ ಆದರೆ ನೋಡಲು ಕೆಳಗೆ ಇಳಿಯಬೇಡಿ. ಮೇಲೆ ಎಲ್ಲೋ ಅದು ಕಟ್ಟಿಕೊಂಡಿದೆ ಅಂತ ತಿಳಿಯಿರಿ, ದಂಡೆ ಬಿಟ್ಟು ಎತ್ತರಕ್ಕೆ ಹತ್ತಿ, ಕಂಡವರಿಗೆಲ್ಲ ಕೂಗಿ ಹೇಳಿ.

ಅಕ್ಕಾರು ಅದನ್ನು ಮೊಮ್ಮಗಳ ಕೈಯಲ್ಲಿ ನೋಟ್‌ಬುಕ್ಕಿನ ಹಾಳೆಯ ಮೇಲೆ ಬರೆಸಿಕೊಂಡು ರೊಟ್ಟಿ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿಕೊಂಡಿದ್ದಾರೆ. ನಾಳೆ ಬೆಳಿಗ್ಗೆ ಹುಬ್ಬಳ್ಳಿ ಸ್ಟೇಷನ್ನಿನಿಂದ ಹೊರಡುತ್ತಾರೆ.

ನಮಸ್ಕಾರ.