ಲೋಗೋ ಯಾವುದರ ಮೇಲೆ, ಯಾವ ವಿಧಾನದಲ್ಲಿ?

ಎಲ್ಲರಿಗೂ ನಮಸ್ಕಾರ.

ಅಕ್ಟೋಬರ್ ಮುಗಿಯುವ ಹೊತ್ತಿಗೆ ಪ್ರಿಂಟಿಂಗ್‌ನವರ ಫೋನಿಗೆ ಬಿಡುವಿರುವುದಿಲ್ಲ. "ರಾಜ್ಯೋತ್ಸವಕ್ಕೆ ಟೀ ಶರ್ಟ್ ಮಾಡಿಸ್ಬೇಕು ಸಾರ್, ಮುಂದೆ ಕಂಪನಿ ಲೋಗೋ, ಹಿಂದೆ ಕರ್ನಾಟಕದ ನಕ್ಷೆ. ಒಂದಕ್ಕೆ ಎಷ್ಟು ಬೀಳುತ್ತೆ?" ಬಟ್ಟೆ ಕಾಟನ್ನೋ ಪಾಲಿಯೆಸ್ಟರೋ ಅಂತ ನಾವು ಕೇಳಿದರೆ ಆ ಕಡೆ ಮಾತಿಲ್ಲ. ರೇಟು ಆಮೇಲಿನದು. ವಸ್ತು ಯಾವುದು, ಅದು ಯಾರ ಕೈಯಲ್ಲಿ ಹೇಗೆ ಬಳಕೆಯಾಗುತ್ತದೆ, ಎಷ್ಟು ಪೀಸು ಬೇಕು, ಇಷ್ಟು ತಿಳಿದರೆ ವಿಧಾನ ಬಹುಪಾಲು ತಾನಾಗಿಯೇ ಇತ್ಯರ್ಥವಾಗುತ್ತದೆ.

ಸಬ್ಲಿಮೇಶನ್ ತೆಗೆದುಕೊಳ್ಳಿ. ಕಾಗದದ ಮೇಲಿನ ಬಣ್ಣ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಕ್ಕೇ ಇಳಿಯುತ್ತದೆ. ಸವರಿ ನೋಡಿದರೆ ಪ್ರಿಂಟ್ ಇದೆಯೆಂದೇ ಗೊತ್ತಾಗದು, ಒಗೆದರೆ ಸಿಪ್ಪೆ ಏಳದು. ಆದರೆ ಕಾಟನ್ನಿನಲ್ಲಿ ಈ ಬಣ್ಣ ನಿಲ್ಲುವುದಿಲ್ಲ. ಬಿಳಿ ಇಂಕೂ ಇದರಲ್ಲಿಲ್ಲ, ಹಾಗಾಗಿ ಕಡುಬಣ್ಣದ ಬಟ್ಟೆಗೆ ಆಗದು. ಮಗ್ಗಿನ ಮೇಲೆ ಬರುತ್ತದಲ್ಲ ಅಂತ ಕೇಳಬಹುದು. ಆ ಮಗ್ಗಿಗೆ ಮೊದಲೇ ಒಂದು ಪಾಲಿಮರ್ ಲೇಪನ ಇರುತ್ತದೆ. ಅಡುಗೆಮನೆಯ ಮಾಮೂಲಿ ಪಿಂಗಾಣಿ ಲೋಟಕ್ಕೆ ಬರುವುದಿಲ್ಲ.

ಕೆಂಪು ಪಾಲಿಯೆಸ್ಟರ್ ಶರ್ಟಿನ ಮೇಲೆ ಬಿಳಿ ಅಕ್ಷರ ಬೇಕೆನ್ನುವವರು ಇಲ್ಲಿ ಸ್ವಲ್ಪ ಗಮನ ಕೊಡಿ. ಸ್ಕ್ರೀನ್ ಪ್ರಿಂಟ್ ಮಾಡಬಹುದು. ಆದರೆ ಮಾಮೂಲಿ ಪ್ಲಾಸ್ಟಿಸಾಲ್ ಇಂಕು ಗಟ್ಟಿಯಾಗಲು 160 ಡಿಗ್ರಿ ಆಸುಪಾಸಿನ ಶಾಖ ಬೇಕು. ಆ ಶಾಖಕ್ಕೆ ಬಟ್ಟೆಯ ಕೆಂಪು ಬಣ್ಣವೂ ಮೇಲೆದ್ದು ಇಂಕಿನೊಳಗೆ ಸೇರುತ್ತದೆ. ಪ್ಯಾಕ್ ಮಾಡುವಾಗ ಅಚ್ಚ ಬಿಳುಪಾಗಿದ್ದ ಹೆಸರು ನಾಲ್ಕು ದಿನ ಬಿಟ್ಟು ನೋಡಿದರೆ ಗುಲಾಬಿ. ಇದನ್ನು ತಡೆಯುವ ಇಂಕು ಬೇರೆಯೇ ಇದೆ, ಆರ್ಡರ್ ಕೊಡುವಾಗಲೇ ಕೇಳಿ ಹಾಕಿಸಬೇಕು.

ಸ್ಕ್ರೀನ್ ಪ್ರಿಂಟಿಂಗ್ ನಿಮಗೆ ಹೊಸದಲ್ಲ. ಮದುವೆಮನೆಯ ತಾಂಬೂಲದ ಬಟ್ಟೆ ಚೀಲದ ಮೇಲೆ ವಧೂವರರ ಹೆಸರು ಬರುವುದು ಅದರಲ್ಲೇ. ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್ ಮಾಡಬೇಕು. ಸ್ಕ್ರೀನ್ ಮಾಡುವ ಖರ್ಚು ಹತ್ತು ಪೀಸಿಗೂ ಅಷ್ಟೇ, ಸಾವಿರ ಪೀಸಿಗೂ ಅಷ್ಟೇ. ಆದ್ದರಿಂದ ಬಣ್ಣ ಕಡಿಮೆ, ಸಂಖ್ಯೆ ಹೆಚ್ಚು ಎಂದಾಗ ಇದನ್ನು ಮೀರಿಸಿದ್ದಿಲ್ಲ. ಹತ್ತೋ ಇಪ್ಪತ್ತೋ ಪೀಸಿಗೆ, ಅದೂ ಹಲವು ಬಣ್ಣದ ಚಿತ್ರಕ್ಕೆ, ಡಿಟಿಎಫ್ ಮಾಡಿಸಿ. ಫಿಲ್ಮಿನ ಮೇಲೆ ಪ್ರಿಂಟ್ ಮಾಡಿ, ಅಂಟಿನ ಪುಡಿ ಉದುರಿಸಿ, ಬಟ್ಟೆಗೆ ಒತ್ತುವ ವಿಧಾನ ಅದು. ಕಾಟನ್ನಿಗೂ ಆದೀತು, ಪಾಲಿಯೆಸ್ಟರಿಗೂ ಆದೀತು. ಎದೆಯಗಲದ ದೊಡ್ಡ ಚಿತ್ರ ಮಾತ್ರ ಬೇಡ. ಅಷ್ಟು ಜಾಗ ಗಾಳಿಯಾಡದೆ ಬೆವರುತ್ತದೆ, ಅಂಥ ಶರ್ಟನ್ನು ಯಾರೂ ಎರಡನೇ ಸಲ ಹಾಕಿಕೊಳ್ಳುವುದಿಲ್ಲ.

ಇನ್ನು ಎಂಬ್ರಾಯ್ಡರಿ. ಕಾಲರ್ ಟೀ ಶರ್ಟಿಗೆ, ಟೋಪಿಗೆ ಇದರಷ್ಟು ಘನತೆ ಬೇರೆಯದಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ತೆಳು ಬಟ್ಟೆಯಲ್ಲಿ ಸುತ್ತ ಸುಕ್ಕು ಬೀಳುತ್ತದೆ. ದರ ಸಾಮಾನ್ಯವಾಗಿ ಹೊಲಿಗೆಯ ಲೆಕ್ಕದಲ್ಲಿ, ಸಾವಿರ ಸ್ಟಿಚ್ಚಿಗೆ ಇಷ್ಟು ಅಂತ. ನಮ್ಮ ಕಷ್ಟ ಇರುವುದು ಕನ್ನಡ ಅಕ್ಷರದಲ್ಲಿ. ಇಂಗ್ಲಿಷಿನ ದೊಡ್ಡಕ್ಷರ ಐದು ಮಿಲಿಮೀಟರ್ ಎತ್ತರದಲ್ಲೂ ಓದಲು ಸಿಗುತ್ತದೆ. ಅದೇ ಎತ್ತರದಲ್ಲಿ 'ಕೃಷ್ಣ' ಅಂತ ಹೊಲಿಸಿ ನೋಡಿ. ಕ ಅಕ್ಷರದ ಕೆಳಗಿನ ಸುಳಿ ಮುಚ್ಚಿಹೋಗಿರುತ್ತದೆ, ಷ ಅಕ್ಷರದ ಕೆಳಗಿನ ಣ ಒತ್ತು ಬರೀ ದಾರದ ಗಂಟು. ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕೂರುವುದರಿಂದ, ಅಳತೆ ಹಾಕುವಾಗ ಇಡೀ ಸಾಲಿನ ಎತ್ತರ ನೋಡದೆ ಒತ್ತು ಎಷ್ಟು ದೊಡ್ಡದಾಗಿ ಬರುತ್ತದೆ ಎಂದು ನೋಡಿ. ಜಾಗ ಸಾಲದಿದ್ದರೆ ಎದೆಯ ಮೇಲೆ ಲಾಂಛನ ಮಾತ್ರ ಹೊಲಿಸಿ, ಹೆಸರನ್ನು ಬೆನ್ನಿಗೆ ಪ್ರಿಂಟ್ ಮಾಡಿಸಿ.

ಗಟ್ಟಿ ವಸ್ತುಗಳ ಮಾತು ಬೇಗ ಮುಗಿಸುತ್ತೇನೆ. ಪೆನ್ನು, ಕೀಚೈನು ಇಂಥ ಬಾಗಿದ ಚಿಕ್ಕ ಮೈಗೆ ಪ್ಯಾಡ್ ಪ್ರಿಂಟಿಂಗ್. ಮೆತ್ತನೆಯ ಸಿಲಿಕೋನ್ ಪ್ಯಾಡು ಇಂಕನ್ನು ಎತ್ತಿಕೊಂಡು ಹೋಗಿ ಒತ್ತುತ್ತದೆ. ಬಣ್ಣ ಬಳಿದ ಸ್ಟೀಲ್ ಬಾಟಲಿಗೆ ಲೇಸರ್. ಮೇಲಿನ ಬಣ್ಣ ಸುಟ್ಟು ಒಳಗಿನ ಸ್ಟೀಲೇ ಅಕ್ಷರವಾಗಿ ಕಾಣುವುದರಿಂದ ದಿನಾ ತಿಕ್ಕಿ ತೊಳೆದರೂ ಹೋಗದು. ಆದರೆ ಬಣ್ಣ ಆಯ್ದುಕೊಳ್ಳಲಾಗದು, ಲೋಗೋ ಕೆಂಪಿದ್ದರೂ ಬಾಟಲಿಯ ಮೇಲೆ ಬೆಳ್ಳಿಯೇ. ರೆಕ್ಸಿನ್ ಡೈರಿಗೆ ಮಾತ್ರ ಲೇಸರ್ ಕೇಳಬೇಡಿ. ರೆಕ್ಸಿನ್ ಎಂದರೆ ಸಾಮಾನ್ಯವಾಗಿ ಪಿವಿಸಿ ಬಳಿದ ಬಟ್ಟೆ. ಲೇಸರಿಗೆ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಏಳುತ್ತದೆ, ಮಷೀನಿಗೆ ತುಕ್ಕು, ಕೆಲಸದವರ ಶ್ವಾಸಕೋಶಕ್ಕೆ ವಿಷ. ಅದಕ್ಕೆ ಬಿಸಿ ಅಚ್ಚಿನಲ್ಲಿ ಒತ್ತುವ ಚಿನ್ನದ ಫಾಯಿಲ್ ಸಾಕು, ಚೆನ್ನಾಗಿಯೂ ಕಾಣುತ್ತದೆ. ಚನ್ನಪಟ್ಟಣದ ಪೆನ್ ಸ್ಟ್ಯಾಂಡ್ ಕೊಡುವವರು ಬಿಸಿ ಒತ್ತುವ ಯಾವ ವಿಧಾನಕ್ಕೂ ಹೋಗಬೇಡಿ. ಅದರ ಮೇಲಿರುವುದು ಅರಗು, ಶಾಖಕ್ಕೆ ಮೆತ್ತಗಾಗುತ್ತದೆ.

2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾದ ಮೇಲೂ 'ಬಟ್ಟೆಯಂಥ' ನಾನ್ ವೋವನ್ ಚೀಲವನ್ನು ಪರಿಸರಸ್ನೇಹಿ ಅಂತ ಮಾರುವವರಿದ್ದಾರೆ. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಹೀಟ್ ಪ್ರೆಸ್ಸಿಗೆ ಇಟ್ಟರೆ ಕರಗುತ್ತದೆ. ಕಾಟನ್ ಚೀಲವನ್ನೋ ಸೆಣಬಿನ ಚೀಲವನ್ನೋ ಕೊಡಿ. ಸೆಣಬಿನ ನೇಯ್ಗೆ ಒರಟು, ಅದರ ಮೇಲೆ ಸಣ್ಣ ಗೆರೆ ನಿಲ್ಲದು, ದಪ್ಪ ಅಕ್ಷರವೇ ಇರಲಿ.

ಕಡೆಯದಾಗಿ, ಫೈಲು ಕಳಿಸುವಾಗ ಅಕ್ಷರಗಳನ್ನು ಕರ್ವ್‌ಗೆ, ಅಂದರೆ ಫಾಂಟ್ ಬೇಡದ ಗೆರೆಚಿತ್ರಕ್ಕೆ, ಬದಲಿಸಿ ಕಳಿಸಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತದೆ. ಮಷೀನಿನ ಮುಂದೆ ಕೂತ ಹುಡುಗನಿಗೆ ಕನ್ನಡ ಬಾರದಿದ್ದರೆ ಅದು ತಪ್ಪೆಂದು ತಿಳಿಯುವುದಾದರೂ ಹೇಗೆ? ಪರದೆಯ ಮೇಲಿನ ಚಿತ್ರಕ್ಕೆ ಓಕೆ ಅನ್ನದೆ, ನಿಮ್ಮದೇ ಬಟ್ಟೆಯ ಮೇಲೆ ಒಂದು ಸ್ಯಾಂಪಲ್ ತೆಗೆಸಿ, ಮನೆಗೆ ಒಯ್ದು ಒಗೆದು ಒಣಗಿಸಿ, ಆಮೇಲೆ ಅಡ್ವಾನ್ಸ್ ಕೊಡಿ.