ಫೈನಲ್ ಫ್ಯಾಂಟಸಿ 8 ರೀಮಾಸ್ಟರ್: ಹೊಸ ಮುಖ, ಹಳೇ ಗೋಡೆ. ಈಗ ಆಡಬಹುದಾ?

[ತೆರೆಯಲ್ಲಿ: ಸಮುದ್ರದ ಅಲೆ, ಹೂವಿನ ಬಯಲು, ಇಬ್ಬರು ಹುಡುಗರ ಕತ್ತಿ ಕಾಳಗ]

ಈ ಓಪನಿಂಗ್ ಒಂದು ಸಲ ನೋಡಿಬಿಡಿ, ಆಮೇಲೆ ಮಾತಾಡೋಣ.

ನೋಡಿದ್ರಾ? ಲ್ಯಾಟಿನ್ ಕೋರಸ್, ಮಿಂಚು, ಕೊನೆಗೆ ಇಬ್ಬರ ಹಣೆಯ ಮೇಲೂ ಒಂದೊಂದು ಗಾಯ. ಇದು 1999ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಫೈನಲ್ ಫ್ಯಾಂಟಸಿ 8. ಮೊದಲ ಪ್ಲೇಸ್ಟೇಷನ್‌ಗೆ ಬಂದ ಆಟ, ನಾಲ್ಕು ಸಿಡಿ. ಸಂಗೀತ ನೊಬುವೊ ಉಎಮತ್ಸು ಅವರದು. ರೀಮಾಸ್ಟರ್, ಅಂದರೆ ಹಳೇ ಆಟಕ್ಕೆ ಹೊಸ ಹೊಳಪು ಕೊಟ್ಟ ಆವೃತ್ತಿ, ಬಂದದ್ದು 2019ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ 7 ಮತ್ತು 9 ಎರಡೂ ಹೊಸ ಕನ್ಸೋಲ್‌ಗೆ ಬಂದಾಗಿತ್ತು. ಅಣ್ಣನಿಗೂ ತಮ್ಮನಿಗೂ ಹಬ್ಬದ ಬಟ್ಟೆ ತಂದು, ನಡುವಿನವನಿಗೆ ಮಾತ್ರ ‘ನಿನಗೆ ಮುಂದಿನ ಸಲ’ ಅಂದ ಹಾಗಿತ್ತು ಇದರ ಪಾಡು.

ಈಗ ದುಡ್ಡು ಕೊಟ್ಟು ಆಡಬಹುದಾ? ಆಡಬಹುದು. ಆದರೆ ನಾವೆಲ್ಲ ಆಗ ಆಡಿದ ಹಾಗೆ ಆಡಿದರೆ ಮೂರನೇ ಗಂಟೆಗೆ ಆಕಳಿಕೆ ಬರುತ್ತದೆ.

[ತೆರೆಯಲ್ಲಿ: ಬಾಲಂಬ್ ಗಾರ್ಡನ್ ಅನ್ನುವ ಸೈನಿಕ ಶಾಲೆಯ ತರಗತಿ, ಹಳೆಯದು ಮತ್ತು ಹೊಸದು ಅಕ್ಕಪಕ್ಕ]

ಮೊದಲು ಕಣ್ಣಿಗೆ ಬೀಳುವ ವಿಷಯ. ಎಡಗಡೆ ಆಟದ ನಾಯಕ, ಹಳೇ ಸ್ಕ್ವಾಲ್: ಮುಖ ಅಂದರೆ ನಾಲ್ಕು ಪಿಕ್ಸೆಲ್, ಕಣ್ಣು ಯಾವುದು ಮೂಗು ಯಾವುದು ಗೊತ್ತಾಗುವುದಿಲ್ಲ. ಬಲಗಡೆ ಹೊಸಬ: ಕೂದಲು, ಜಾಕೆಟ್‌ನ ತುಪ್ಪಳದ ಕಾಲರ್, ಹಣೆಯ ಗಾಯ ಎಲ್ಲ ಸ್ಪಷ್ಟ. ಈಗ ಅವನ ಹಿಂದಿನ ಗೋಡೆ ನೋಡಿ. ಮಸುಕು! ಹಳೇ ಗೋಡೆಗೆ ಹೊಸ ಸ್ಟಿಕ್ಕರ್ ಅಂಟಿಸಿದ ಹಾಗಿದೆ, ಅಲ್ವಾ?

ಇದಕ್ಕೆ ಕಾರಣ ಇದೆ. ಪಾತ್ರಗಳು ತ್ರೀಡಿ ಮಾಡೆಲ್‌ಗಳು. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬಹುದು. ಆದರೆ ಹಿನ್ನೆಲೆ ಒಂದು ಚಪ್ಪಟೆ ಚಿತ್ರ. ಆಗಿನ ಡಬ್ಬಾ ಟಿವಿಯ ಅಳತೆಗೆ ಕಂಪ್ಯೂಟರ್‌ನಲ್ಲಿ ಮಾಡಿ, ಫೋಟೋ ಥರ ಉಳಿಸಿಟ್ಟದ್ದು. ಚಿಕ್ಕ ಫೋಟೋವನ್ನು ಫ್ಲೆಕ್ಸ್ ಬೋರ್ಡ್‌ಗೆ ಹಿಗ್ಗಿಸಿದರೆ ಏನಾಗುತ್ತದೋ ಇಲ್ಲೂ ಅದೇ ಆಗಿದೆ. ಹಳೇ ಟಿವಿಯಲ್ಲಿ ಎರಡೂ ಒಟ್ಟಿಗೆ ಮಸುಕಾಗಿದ್ದವು, ಹಾಗಾಗಿ ಹೊಂದಿಕೊಂಡಿದ್ದವು. ಈಗ ಒಂದಕ್ಕೆ ಮಾತ್ರ ಕನ್ನಡಕ ಹಾಕಿದ್ದಾರೆ.

ಒಂದೆರಡು ಗಂಟೆ ಕಣ್ಣು ಕುಕ್ಕುತ್ತದೆ. ಆಮೇಲೆ ಡೊಲೆಟ್ ಬರುತ್ತದೆ.

[ತೆರೆಯಲ್ಲಿ: ಡೊಲೆಟ್ ಊರಿನ ಬೀದಿ, ಹಿಂದೆ ಜೇಡದಂಥ ಲೋಹದ ಯಂತ್ರ]

ಇದು ಸ್ಕ್ವಾಲ್ ಶಾಲೆಯ ಪರೀಕ್ಷೆಯ ದೃಶ್ಯ. ಮೂವತ್ತು ನಿಮಿಷದ ಗಡುವು ಇಳಿಯುತ್ತಿದೆ, ಯಂತ್ರ ಬೆನ್ನು ಬಿಡುತ್ತಿಲ್ಲ. ನೀವು ಸಮುದ್ರದ ದಡಕ್ಕೆ ಓಡಬೇಕು. ಕೊನೆಗೆ ದೋಣಿಯಲ್ಲಿ ಅವನ ಟೀಚರ್ ಕ್ವಿಸ್ಟಿಸ್ ಮೆಷಿನ್ ಗನ್ ಹಿಡಿದು ಕಾಯುತ್ತಿರುತ್ತಾಳೆ. ಆಟ ಎಲ್ಲಿ ನಿಂತಿತು, ವಿಡಿಯೋ ಎಲ್ಲಿ ಶುರುವಾಯಿತು ಅನ್ನುವ ಗೆರೆಯೇ ಕಾಣದ ಹಾಗೆ ಜೋಡಿಸಿದ್ದಾರೆ. ಇಲ್ಲಿಗೆ ಬರುವಷ್ಟರಲ್ಲಿ ನಾನು ಗೋಡೆಯ ಮಸುಕನ್ನು ಮರೆತೇಬಿಟ್ಟಿದ್ದೆ.

ಸರಿ, ಈಗ ಜಗಳದ ವಿಷಯ. ಜಂಕ್ಷನ್. ಅರಸೀಕೆರೆ ಜಂಕ್ಷನ್ ಅಲ್ಲ.

ಬೇರೆ ಆಟಗಳಲ್ಲಿ ಮಂತ್ರ ಹಾಕಲು ಎಂಪಿ, ಅಂದರೆ ಮಂತ್ರದ ಅಂಕ, ಬೇಕು. ಇಲ್ಲಿ ಎಂಪಿ ಇಲ್ಲ. ಮಂತ್ರವೇ ಒಂದು ಸರಕು. ಶತ್ರುವಿನಿಂದ ‘ಡ್ರಾ’ ಮಾಡಿ ಎಳೆದುಕೊಳ್ಳಬೇಕು. ಒಂದೊಂದು ಮಂತ್ರವನ್ನು ನೂರರವರೆಗೆ ಕೂಡಿಡಬಹುದು. ಆ ಮಂತ್ರವನ್ನು ನಿಮ್ಮ ಶಕ್ತಿಗೋ ಜೀವಕ್ಕೋ ಕಟ್ಟಬಹುದು. ಅದೇ ಜಂಕ್ಷನ್. ಕಟ್ಟಿದ ಮಂತ್ರವನ್ನು ಹೋರಾಟದಲ್ಲಿ ಬಳಸಿದರೆ ನಿಮ್ಮ ಶಕ್ತಿಯೇ ಕಡಿಮೆಯಾಗುತ್ತದೆ. ಹಾಗಾಗಿ ಯಾರೂ ಬಳಸುವುದಿಲ್ಲ. ಮದುವೆಗೆ ಬಂದ ಬೆಳ್ಳಿ ತಟ್ಟೆ ಬೀರುವಿನಲ್ಲೇ ಉಳಿದ ಹಾಗೆ.

ನಾನು ಮೊದಲ ಸಲ ಆಡಿದಾಗ ಮಾಡಿದ್ದು ಇಷ್ಟೇ: ಒಂದು ಬಡಪಾಯಿ ಪ್ರಾಣಿಯನ್ನು ಮುಂದೆ ನಿಲ್ಲಿಸಿಕೊಂಡು ಡ್ರಾ, ಡ್ರಾ, ಡ್ರಾ. ಒಂದು ಸಲಕ್ಕೆ ಜಾಸ್ತಿ ಅಂದರೆ ಒಂಬತ್ತು ಸಿಗುತ್ತದೆ. ನೂರು ತುಂಬಬೇಕು. ಮೂರು ಜನಕ್ಕೂ ತುಂಬಬೇಕು. ಅದು ಪಾಪ ನಡುನಡುವೆ ಒಂದು ಏಟು ಹಾಕುತ್ತದೆ, ನಾನು ಔಷಧಿ ಕುಡಿಯುತ್ತೇನೆ, ಮತ್ತೆ ಡ್ರಾ. ಸಾಲದು ಅಂತ ಲೆವೆಲ್ ಏರಿಸಲು ಸಿಕ್ಕಸಿಕ್ಕವರನ್ನೆಲ್ಲ ಹೊಡೆದೆ. ಈ ಆಟದಲ್ಲಿ ನಿಮ್ಮ ಲೆವೆಲ್ ಏರಿದ ಹಾಗೆ ಶತ್ರುಗಳದೂ ಏರುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು? ಬೆವರು ಸುರಿಸಿ ನನ್ನ ಕೆಲಸವನ್ನು ನಾನೇ ಕಷ್ಟ ಮಾಡಿಕೊಂಡೆ.

ಸುಲಭದ ದಾರಿ ಆಟದೊಳಗೇ ಇತ್ತು. ಅದು ಇಸ್ಪೀಟಿನಂಥ ಇನ್ನೊಂದು ಆಟದಲ್ಲಿ ಅಡಗಿತ್ತು.

[ತೆರೆಯಲ್ಲಿ: ಮೂರು ಸಾಲು, ಮೂರು ಕಾಲಂ, ಒಂದೊಂದಾಗಿ ಬೀಳುವ ಕಾರ್ಡು]

ಇದು ಟ್ರಿಪಲ್ ಟ್ರಯಾಡ್. ಒಂಬತ್ತು ಮನೆ. ಪ್ರತಿ ಕಾರ್ಡಿನ ನಾಲ್ಕು ಬದಿಗೂ ಒಂದೊಂದು ಅಂಕಿ. ಪಕ್ಕದ ಕಾರ್ಡಿನ ಅಂಕಿಗಿಂತ ನಿಮ್ಮದು ದೊಡ್ಡದಾದರೆ ಅದು ನಿಮ್ಮದಾಯಿತು. ಅಷ್ಟೇ ಅಂದುಕೊಂಡರೆ ಕೆಟ್ಟಿರಿ. ಚೌಕಾಬಾರದ ನಿಯಮ ಊರಿಂದೂರಿಗೆ ಬದಲಾಗುತ್ತದಲ್ಲ, ಇಲ್ಲೂ ಹಾಗೇ. ಒಂದು ಊರಲ್ಲಿ ಕಾರ್ಡು ತೆರೆದಿಟ್ಟು ಆಡುತ್ತಾರೆ, ಇನ್ನೊಂದು ಊರಲ್ಲಿ ಮುಚ್ಚಿಟ್ಟು. ಅಲ್ಲಿಯ ನಿಯಮ ನಿಮ್ಮ ಜೊತೆ ಇಲ್ಲಿಗೂ ಅಂಟಿಕೊಂಡು ಬರಬಹುದು. ‘ರ‍್ಯಾಂಡಮ್’ ಅನ್ನುವ, ನಿಮ್ಮ ಕಾರ್ಡುಗಳನ್ನು ಆಟವೇ ಆರಿಸುವ ನಿಯಮ ಒಂದು ಊರಿಗೆ ಹೊಕ್ಕಿತೋ, ನಿಮ್ಮ ಒಳ್ಳೇ ಕಾರ್ಡುಗಳಿಗೆ ದೇವರೇ ದಿಕ್ಕು.

ಗೆದ್ದ ಕಾರ್ಡನ್ನು ವಸ್ತುವಾಗಿ ಬದಲಿಸಬಹುದು, ಆ ವಸ್ತುವನ್ನು ಮಂತ್ರವಾಗಿ. ಶತ್ರುವನ್ನೇ ಕಾರ್ಡ್ ಮಾಡಿಬಿಡಬಹುದು. ಹಾಗೆ ಮಾಡಿದರೆ ಅನುಭವದ ಅಂಕ ಸಿಗುವುದಿಲ್ಲ, ಅಂದರೆ ಲೆವೆಲ್ ಏರುವುದಿಲ್ಲ. ಇಲ್ಲಿ ನಮಗೆ ಬೇಕಾಗಿರುವುದೂ ಅದೇ! ಅಂಗಡಿಯಲ್ಲಿ ಸಿಗುವ ಒಂದು ಟೆಂಟ್‌ನಿಂದ ಹತ್ತು ಕ್ಯೂರಾಗ (ಗಾಯ ಮಾಯಿಸುವ) ಮಂತ್ರ ಬರುತ್ತವೆ. ಹತ್ತು ಟೆಂಟ್ ಕೊಂಡರೆ ನೂರು ತುಂಬಿತು. ಅದನ್ನು ಜೀವಕ್ಕೆ ಕಟ್ಟಿದರೆ ಮೊದಲ ಸಿಡಿಯಲ್ಲೇ ಸ್ಕ್ವಾಲ್ ಗೂಳಿ ಥರ ಆಗುತ್ತಾನೆ. ನಾನು ಡ್ರಾ ಮಾಡುತ್ತಾ ಕಳೆದ ಸಂಜೆಗಳನ್ನು ನೆನೆದರೆ ನಗು ಬರುತ್ತದೆ.

ನಾವು ಆಗ ‘ಕೆಟ್ಟ ಸಿಸ್ಟಮ್’ ಅಂತ ಬೈದದ್ದು ಇದನ್ನೇ. ಕೆಟ್ಟದ್ದು ಸಿಸ್ಟಮ್ ಅಲ್ಲ, ಅದನ್ನು ಕಲಿಸಿದ ರೀತಿ. ಇವತ್ತಿಗೂ ಆ ಪಾಠದ ಭಾಗ ಓದಿದರೆ ಅರ್ಧ ತಲೆಗೆ ಹೋಗುವುದಿಲ್ಲ, ರೀಮಾಸ್ಟರ್ ಅದನ್ನು ಸರಿಪಡಿಸಿಲ್ಲ.

ರೀಮಾಸ್ಟರ್ ಕೊಟ್ಟದ್ದು ಮೂರು ಸವಲತ್ತು. ಮೂರು ಪಟ್ಟು ವೇಗ. ದಾರಿಯಲ್ಲಿ ಶತ್ರುಗಳೇ ಬರದ ಹಾಗೆ ಮಾಡುವುದು. ಮತ್ತೆ ಹೋರಾಟದಲ್ಲಿ ಜೀವ ತುಂಬಿಯೇ ಇರುವ, ಲಿಮಿಟ್ ಬ್ರೇಕ್ ಅನ್ನುವ ವಿಶೇಷ ಏಟು ಯಾವಾಗ ಬೇಕಾದರೂ ಸಿಗುವ ಮೋಡ್. ಮೂರನೆಯದನ್ನು ಮುಟ್ಟಬೇಡಿ, ಆಟವೇ ಉಳಿಯುವುದಿಲ್ಲ. ಮೊದಲನೆಯದು ಮಾತ್ರ ಪುಣ್ಯದ ಕೆಲಸ. ಹಳೇ ಆಟದಲ್ಲಿ ನೆರವಿಗೆ ಬರುವ ದೈತ್ಯ ಶಕ್ತಿಗಳಾದ ಗಾರ್ಡಿಯನ್ ಫೋರ್ಸ್‌ಗಳನ್ನು ಕರೆದರೆ ಆ ದೃಶ್ಯವನ್ನು ದಾಟಿಸಲು ಆಗುತ್ತಿರಲಿಲ್ಲ, ಕಾಫಿಗೆ ಹಾಲಿಟ್ಟು ಬರಬಹುದಿತ್ತು. ಈಗ ಬೇಗ ಮುಗಿಯುತ್ತದೆ. ಆದರೆ ಸ್ಕ್ವಾಲ್‌ನ ಗನ್‌ಬ್ಲೇಡ್ ಬೀಸುವಾಗ ವೇಗ ಇಳಿಸಿ. ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಟ್ರಿಗರ್ ಒತ್ತಿದರೆ ಜಾಸ್ತಿ ಪೆಟ್ಟಾಗುತ್ತದೆ. ಮೂರು ಪಟ್ಟು ವೇಗದಲ್ಲಿ ಬೆರಳು ಸೋಲುತ್ತದೆ.

ಕಥೆ? ಮೊದಲರ್ಧ ಗಟ್ಟಿ. ಹದಿನೇಳರ ಹುಡುಗ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದವನು, ಮನಸ್ಸಿನಲ್ಲೇ ಪುಟಗಟ್ಟಲೆ ಮಾತಾಡಿ ಹೊರಗೆ ‘ಏನೋ’ ಅನ್ನುವವನು. ಇಂಥವರು ನಮ್ಮ ಮನೆಯಲ್ಲೂ ಇದ್ದಾರೆ. ಆಮೇಲೊಂದು ನೆನಪಿನ ತಿರುವು ಬರುತ್ತದೆ, ಅದನ್ನು ನಾನು ಇವತ್ತಿಗೂ ಒಪ್ಪಿಲ್ಲ. ಹೇಳಿ ಹಾಳು ಮಾಡುವುದಿಲ್ಲ.

[ತೆರೆಯಲ್ಲಿ: ಗಾರ್ಡನ್ ಎರಡನೇ ಮಹಡಿ, ಲಿಫ್ಟ್ ಹತ್ತಿರ ನಿಂತ ವಿದ್ಯಾರ್ಥಿ]

ಶುರು ಮಾಡುವವರಿಗೆ ಒಂದೇ ಮಾತು. ಮೊದಲ ತರಗತಿಯಿಂದ ಹೊರಗೆ ಬಂದ ತಕ್ಷಣ ಇವನನ್ನು ಮಾತಾಡಿಸಿ, ಮೊದಲ ಏಳು ಕಾರ್ಡು ಇವನೇ ಕೊಡುತ್ತಾನೆ. ಕೆಳಗೆ ಇಳಿದರೆ ಮೊಗಸಾಲೆಯಲ್ಲಿ ಸುತ್ತು ಹೊಡೆಯುತ್ತಿರುವ ಒಬ್ಬ ಪುಟ್ಟ ಹುಡುಗ ಸಿಗುತ್ತಾನೆ. ಓಡಿ ಹಿಡಿದು ಕಾರ್ಡಿಗೆ ಕರೆಯಿರಿ, ಅವನ ಹತ್ತಿರ ಮಿನಿಮಾಗ್ ಅನ್ನುವ ಒಳ್ಳೇ ಕಾರ್ಡು ಇದೆ. ಡ್ರಾ ಗೀ ಎಲ್ಲ ಆಮೇಲೆ.