ಎಲ್ಲ ಉತ್ತರವೂ ಸರಿ ಅನ್ನಿಸಿದಾಗ: ಸಿಚುವೇಶನಲ್ ಜಡ್ಜ್‌ಮೆಂಟ್ ಟೆಸ್ಟ್‌ಗೆ ತಯಾರಿ

[ಪರದೆ ಖಾಲಿ. ಮಾತು ಮಾತ್ರ.]

ಒಂದು ಸಂದರ್ಭ ಹೇಳ್ತೀನಿ. ಆ ಜಾಗದಲ್ಲಿ ನೀವೇ ಇದ್ದೀರಿ ಅಂದ್ಕೊಳ್ಳಿ.

ಹೊಸ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದೆ. ನಿಮ್ಮ ತಂಡದ ಹಿರಿಯ ಸಹೋದ್ಯೋಗಿ ನಿನ್ನೆ ಒಂದು ವರದಿ ಮಾಡಿ ಗ್ರಾಹಕರಿಗೆ ಕಳಿಸಿದ್ದಾರೆ, ಇವತ್ತು ರಜೆಯಲ್ಲಿದ್ದಾರೆ. ಬೇರೆ ಯಾವುದೋ ಕೆಲಸಕ್ಕೆ ಅದೇ ವರದಿ ತೆಗೆದು ನೋಡಿದಾಗ ಒಂದು ಲೆಕ್ಕ ತಪ್ಪಿರೋ ಹಾಗೆ ನಿಮಗೆ ಕಾಣುತ್ತೆ. ಇನ್ನೊಂದು ಗಂಟೆಯಲ್ಲಿ ಗ್ರಾಹಕರು ಅದೇ ಅಂಕಿ ಇಟ್ಟುಕೊಂಡು ತಮ್ಮ ಸಭೆ ನಡೆಸ್ತಾರೆ. ನಿಮ್ಮ ಮ್ಯಾನೇಜರ್ ಮೀಟಿಂಗಿನಲ್ಲಿದ್ದಾರೆ. ಏನು ಮಾಡಬೇಕು?

[ಪರದೆಯ ಮೇಲೆ ಐದು ಆಯ್ಕೆಗಳು]

ಅ. ಲೆಕ್ಕವನ್ನು ನೀವೇ ತಿದ್ದಿ ಹೊಸ ವರದಿಯನ್ನು ಗ್ರಾಹಕರಿಗೆ ಕಳಿಸುವುದು.
ಆ. ಸಹೋದ್ಯೋಗಿ ರಜೆ ಮುಗಿಸಿ ಬಂದ ಮೇಲೆ ಅವರಿಗೆ ತಿಳಿಸುವುದು.
ಇ. ತಪ್ಪು ಏನು, ಗ್ರಾಹಕರ ಸಭೆ ಎಷ್ಟು ಹೊತ್ತಿಗೆ ಎಂದು ಮ್ಯಾನೇಜರ್‌ಗೆ ಚಿಕ್ಕ ಮೆಸೇಜ್ ಕಳಿಸುವುದು.
ಈ. ರಜೆಯಲ್ಲಿರುವ ಸಹೋದ್ಯೋಗಿಗೆ ಫೋನ್ ಮಾಡಿ, ಇದು ನಿಜಕ್ಕೂ ತಪ್ಪೇ ಎಂದು ಕೇಳುವುದು.
ಉ. ವರದಿಯಲ್ಲಿ ತಪ್ಪಿದೆ, ಏನು ಮಾಡೋಣ ಎಂದು ಇಡೀ ತಂಡದ ಗ್ರೂಪಿನಲ್ಲಿ ಹಾಕುವುದು.

ಇಲ್ಲಿ ವಿಡಿಯೋ ನಿಲ್ಲಿಸಿ. ಎಲ್ಲಕ್ಕಿಂತ ಒಳ್ಳೆಯದರಿಂದ ಶುರುಮಾಡಿ ಎಲ್ಲಕ್ಕಿಂತ ಕೆಟ್ಟದ್ದರವರೆಗೆ ಐದನ್ನೂ ಒಂದು ಚೀಟಿಯಲ್ಲಿ ಬರೀರಿ. ಪ್ರತಿಯೊಂದರ ಮುಂದೆ ಅದು ಅಲ್ಲೇ ಯಾಕೆ ಅಂತ ನಾಲ್ಕೈದು ಪದ ಸೇರಿಸಿ. ಮನಸ್ಸಿನಲ್ಲೇ ಇಟ್ಟುಕೊಂಡರೆ ಸಾಲದು. ಆ ಚೀಟಿ ನಮಗೆ ಮುಂದೆ ಬೇಕಾಗುತ್ತೆ.

[ಮಾತಾಡುವವರು ತೆರೆಯ ಮೇಲೆ]

ನಮಸ್ಕಾರ. ಕೆಲಸಕ್ಕೆ ಅರ್ಜಿ ಹಾಕಿದ ಮೇಲೆ, ಎಷ್ಟೋ ಕಡೆ ಇಂಟರ್‌ವ್ಯೂಗೂ ಮೊದಲೇ, ಆನ್‌ಲೈನಿನಲ್ಲಿ ಇಂಥ ಪರೀಕ್ಷೆ ಕೊಡ್ತಾರೆ. ಸಿಚುವೇಶನಲ್ ಜಡ್ಜ್‌ಮೆಂಟ್ ಟೆಸ್ಟ್ ಅಂತ ಹೆಸರು, ಚಿಕ್ಕದಾಗಿ ಎಸ್‌ಜೆಟಿ. ಲೆಕ್ಕದ ಪ್ರಶ್ನೆಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡೋರು ಇದರ ಮುಂದೆ ಬಂದಾಗ "ಇದಕ್ಕೇನು ಓದೋದು, ತೋಚಿದ್ದು ಒತ್ತಿದರಾಯ್ತು" ಅಂತ ಕೂತುಬಿಡ್ತಾರೆ. ನಾನೂ ಮೊದಲ ಸಲ ಹಾಗೇ ಕೂತಿದ್ದೆ. ಪ್ರತಿ ಪ್ರಶ್ನೆಯಲ್ಲೂ ಇಡೀ ಹೊಣೆಯನ್ನ ನಾನೇ ಹೊರೋ ಉತ್ತರ ಆರಿಸಿದೆ. ಹುಮ್ಮಸ್ಸು ಇರೋರನ್ನೇ ತಾನೇ ಅವರು ಹುಡುಕೋದು ಅನ್ನೋ ಲೆಕ್ಕಾಚಾರ ನಂದು. ಆಯ್ಕೆಯಾಗಿಲ್ಲ ಅಂತ ಎರಡು ಸಾಲಿನ ಮೇಲ್ ಬಂತು, ಕಾರಣ ಇರಲಿಲ್ಲ. ಎಲ್ಲಿ ಎಡವಿದೆ ಅಂತ ಅರ್ಥವಾಗೋಕೆ ಬಹಳ ದಿನ ಹಿಡೀತು. ನಿಮ್ಮ ಆ ದಿನಗಳು ಉಳೀಲಿ ಅಂತಲೇ ಇದನ್ನ ಮಾಡ್ತಿದ್ದೀನಿ.

ಈ ಪ್ರಶ್ನೆಗಳು ಎಲ್ಲಿಂದ ಬರ್ತವೆ ಅಂತ ಗೊತ್ತಾದರೆ ಅರ್ಧ ತಯಾರಿ ಆದ ಹಾಗೆ. ಜಾನ್ ಫ್ಲಾನಗನ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ವಾಯುಪಡೆಗೆ ಪೈಲಟ್‌ಗಳನ್ನ ಆರಿಸೋ ಕೆಲಸದಲ್ಲಿದ್ದವರು. ಅಲ್ಲಿ ಬೆಳೆದ ಒಂದು ವಿಧಾನವನ್ನ ಅವರು 1954ರಲ್ಲಿ ವಿವರವಾಗಿ ಬರೆದು ಪ್ರಕಟಿಸಿದರು. ವಿಧಾನ ಸರಳ. ಒಂದು ಕೆಲಸ ಏನನ್ನ ಬೇಡುತ್ತೆ ಅಂತ ತಿಳೀಬೇಕಾದರೆ ಆ ಕೆಲಸದಲ್ಲಿ ಇರೋರ ಹತ್ತಿರ ಹೋಗಿ, ತುಂಬ ಚೆನ್ನಾಗಿ ನಡೆದ ಒಂದು ಘಟನೆ ಹೇಳಿ, ತುಂಬ ಕೆಟ್ಟುಹೋದ ಒಂದು ಘಟನೆ ಹೇಳಿ ಅಂತ ಕೇಳೋದು. ಎಸ್‌ಜೆಟಿಯ ಎಷ್ಟೋ ಪ್ರಶ್ನೆಗಳು ಹೀಗೆ ಕಲೆಹಾಕಿದ ನಿಜವಾದ ಘಟನೆಗಳಿಂದ ಹುಟ್ತವೆ. ಇಂಥ ಸಂದರ್ಭಗಳನ್ನ ಬರಹದಲ್ಲಿ ಕೊಟ್ಟು ಉತ್ತರ ಆರಿಸೋಕೆ ಹೇಳಿದರೆ, ಮುಂದೆ ಆ ವ್ಯಕ್ತಿ ಹೇಗೆ ಕೆಲಸ ಮಾಡ್ತಾರೆ ಅನ್ನೋದರ ಸುಳಿವು ಸಿಗುತ್ತೆ ಅಂತ 1990ರ ಒಂದು ಲೇಖನದಲ್ಲಿ ಮೊಟೊವಿಡ್ಲೊ ಅನ್ನೋ ಸಂಶೋಧಕರು ಮತ್ತು ಅವರ ಇಬ್ಬರು ಸಂಗಡಿಗರು ತೋರಿಸಿದರು. ಈ ಬಗೆಯ ಪರೀಕ್ಷೆ ಅದಕ್ಕೂ ಮೊದಲೇ ಇತ್ತು, ಆದರೆ ಸಂಶೋಧಕರ ಕಣ್ಣು ಮತ್ತೆ ಇದರ ಮೇಲೆ ಬಿದ್ದದ್ದು ಆ ಲೇಖನದ ನಂತರ.

ಸರಿ ಉತ್ತರ ಯಾವುದು ಅಂತ ತೀರ್ಮಾನಿಸೋರು ಯಾರು? ಸಾಮಾನ್ಯವಾಗಿ ಆ ಹುದ್ದೆಯನ್ನ ಚೆನ್ನಾಗಿ ಬಲ್ಲವರ ಒಂದು ಗುಂಪು. ಅವರಿಗೆ ಇದೇ ಪ್ರಶ್ನೆ ಕೊಟ್ಟು, ಅವರ ಉತ್ತರ ಎಲ್ಲಿ ಕೂಡುತ್ತೋ ಅದನ್ನೇ ಕೀ ಉತ್ತರ ಮಾಡ್ತಾರೆ. ಅಂದ್ರೆ ನಿಮ್ಮ ಉತ್ತರವನ್ನ ಹೋಲಿಸಿ ನೋಡೋದು ನೀತಿಪಾಠದ ಜೊತೆ ಅಲ್ಲ, ಆ ಕೆಲಸದಲ್ಲಿ ಪಳಗಿದವರ ಒಮ್ಮತದ ಜೊತೆ. ನರ್ಸ್ ಹುದ್ದೆಗೆ ಒಪ್ಪುವ ಉತ್ತರ ಮಾರಾಟದ ಹುದ್ದೆಗೆ ಒಪ್ಪದೇ ಇರಬಹುದು. ಹಾಗಾಗಿ ಉದ್ಯೋಗದ ಜಾಹೀರಾತನ್ನ ಸಂಬಳಕ್ಕಾಗಿ ಒಂದು ಸಲ ಓದಿದ್ದರೆ, ಹೊಣೆಗಳಿಗಾಗಿ ಇನ್ನೊಂದು ಸಲ ಓದಿ. ಯಾರಿಗೆ ವರದಿ ಮಾಡಬೇಕು, ಯಾವುದನ್ನ ಒಬ್ಬರೇ ನಿರ್ಧರಿಸಬಹುದು, ಯಾವುದನ್ನ ಕೇಳಿ ಮಾಡಬೇಕು ಅನ್ನೋದನ್ನ ಅಲ್ಲಿಂದ ಹೆಕ್ಕಿ ಬರ್ಕೊಳ್ಳಿ. ಆ ಕೆಲಸದಲ್ಲಿ ಇರೋರು ಯಾರಾದರೂ ಪರಿಚಯ ಇದ್ದರೆ ಫ್ಲಾನಗನ್ ಕೇಳಿದ ಪ್ರಶ್ನೆಯನ್ನೇ ಅವರಿಗೆ ಕೇಳಿ: ಒಂದು ಚೆನ್ನಾಗಿ ನಡೆದ ದಿನ, ಒಂದು ಕೆಟ್ಟುಹೋದ ದಿನ. ಅರ್ಧ ಗಂಟೆಯ ಆ ಮಾತು ಎಷ್ಟೋ ಅಣಕು ಪರೀಕ್ಷೆಗಳಿಗಿಂತ ಹೆಚ್ಚು ಕಲಿಸುತ್ತೆ ಅನ್ನೋದು ನನ್ನ ಗಟ್ಟಿ ನಂಬಿಕೆ.

[ಪರದೆಯ ಮೇಲೆ: ಏನು ಮಾಡಬೇಕು? / ನೀವು ಏನು ಮಾಡುತ್ತೀರಿ?]

ಪರೀಕ್ಷೆ ತೆರೆದಾಗ ಮೊದಲು ಸೂಚನೆ ಓದಿ. ಕೆಲವು ಪರೀಕ್ಷೆಗಳು "ಏನು ಮಾಡಬೇಕು" ಅಂತ ಕೇಳ್ತವೆ, ಕೆಲವು "ನೀವು ಏನು ಮಾಡುತ್ತೀರಿ" ಅಂತ. ನೋಡೋಕೆ ಒಂದೇ ತರ ಇದ್ದರೂ ಇವು ಅಳೆಯೋದು ಒಂದನ್ನೇ ಅಲ್ಲ. 2007ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿದ ಒಂದು ವಿಶ್ಲೇಷಣೆ ಬಂತು. "ಏನು ಮಾಡಬೇಕು" ಅನ್ನೋ ಪ್ರಶ್ನೆಯ ಅಂಕ ಬುದ್ಧಿಶಕ್ತಿಯ ಜೊತೆ ಹೆಚ್ಚು ಹೊಂದುತ್ತೆ, "ಏನು ಮಾಡುತ್ತೀರಿ" ಅನ್ನೋದರ ಅಂಕ ಸ್ವಭಾವದ ಜೊತೆ ಹೆಚ್ಚು ಹೊಂದುತ್ತೆ ಅಂತ ಅದರಲ್ಲಿ ಕಂಡುಬಂತು. ಮೊದಲನೇ ಬಗೆಯಲ್ಲಿ ನಿಮ್ಮ ಅಭ್ಯಾಸಗಳನ್ನ ಪಕ್ಕಕ್ಕಿಟ್ಟು ಆ ಸಂದರ್ಭಕ್ಕೆ ಯಾವುದು ಒಳ್ಳೇದು ಅಂತ ನೋಡಿ. ಎರಡನೇದರಲ್ಲಿ ನಿಜವಾಗಿ ಮಾಡೋದನ್ನೇ ಹೇಳಿ. ಆಫೀಸಿನಲ್ಲಿ ಯಾರ ಹತ್ತಿರವೂ ನೇರವಾಗಿ ಮಾತಾಡಲಾರದವರು "ತಕ್ಷಣ ನೇರವಾಗಿ ಮಾತಾಡ್ತೀನಿ" ಅಂತ ಹತ್ತು ಕಡೆ ಒತ್ತಿ ಕೆಲಸ ಗಿಟ್ಟಿಸಿಕೊಂಡರೆ, ದಿನಾ ನೇರವಾಗಿ ಮಾತಾಡಬೇಕಾದ ಕುರ್ಚಿಯಲ್ಲೇ ಹೋಗಿ ಕೂರಬೇಕಾಗುತ್ತೆ.

ಉತ್ತರ ಕೊಡೋ ಬಗೆಯೂ ಒಂದೇ ಅಲ್ಲ. ಕೆಲವು ಕಡೆ ಒಳ್ಳೆಯದೊಂದು, ಕೆಟ್ಟದ್ದೊಂದು ಆರಿಸಿದರೆ ಸಾಕು. ಕೆಲವು ಕಡೆ ನಾವು ಈಗ ಮಾಡಿದ ಹಾಗೆ ಸಾಲಾಗಿ ಜೋಡಿಸಬೇಕು. ಇನ್ನು ಕೆಲವು ಕಡೆ ಪ್ರತಿ ಆಯ್ಕೆಗೂ "ತುಂಬ ಸೂಕ್ತ" ಅನ್ನೋದರಿಂದ "ತುಂಬ ಅನುಚಿತ" ಅನ್ನೋವರೆಗೆ ಒಂದು ಮಟ್ಟ ಕೊಡಬೇಕು. ಈ ಕೊನೇ ಬಗೆಯಲ್ಲಿ ಬಹಳ ಜನ ಎಡವೋದನ್ನ ನೋಡಿದ್ದೀನಿ. ಜೋಡಿಸುವಾಗ ಒಂದನ್ನ ಇನ್ನೊಂದರ ಜೊತೆ ಹೋಲಿಸ್ತೀವಿ. ಮಟ್ಟ ಕೊಡುವಾಗ ಹೋಲಿಸಬಾರದು, ಪ್ರತಿ ಆಯ್ಕೆಯೂ ಒಂಟಿ. ಎರಡು ಆಯ್ಕೆ "ತುಂಬ ಸೂಕ್ತ" ಆಗಬಹುದು, ಒಂದೂ ಆಗದೇ ಇರಬಹುದು. "ಒಂದಕ್ಕೆ ಆಗಲೇ ಕೊಟ್ಟಾಯ್ತಲ್ಲ" ಅಂತ ಎರಡನೇದನ್ನ ಇಳಿಸಬೇಡಿ.

ಅಂಕದ ವಿಷಯಕ್ಕೆ ಒಂದು ನಿಜವಾದ ಉದಾಹರಣೆ. ಬ್ರಿಟನ್ನಿನಲ್ಲಿ ಹೊಸ ವೈದ್ಯರ ತರಬೇತಿ ಹುದ್ದೆಗಳ ಹಂಚಿಕೆಗೆ 2013ರಿಂದ ಹಲವು ವರ್ಷ ಎಸ್‌ಜೆಟಿ ಬಳಸಿದರು. ಐದು ಆಯ್ಕೆಗಳನ್ನ ಜೋಡಿಸೋ ಒಂದು ಪ್ರಶ್ನೆಗೆ ಅಲ್ಲಿ 20 ಅಂಕ. ಒಂದು ಆಯ್ಕೆ ಸರಿಯಾದ ಜಾಗದಲ್ಲಿದ್ದರೆ 4, ಒಂದು ಸ್ಥಾನ ಆಚೀಚೆ ಆದರೆ 3, ಎರಡು ಸ್ಥಾನ ತಪ್ಪಿದರೆ 2, ಹೀಗೆ ಇಳೀತಾ ಹೋಗುತ್ತೆ. ಈಗ ಲೆಕ್ಕ ಹಾಕಿ. ಎರಡನೇದನ್ನೂ ಮೂರನೇದನ್ನೂ ಅದಲುಬದಲು ಮಾಡಿದರೆ 18 ಬರುತ್ತೆ. ಮೊದಲನೇದನ್ನೂ ಐದನೇದನ್ನೂ ಅದಲುಬದಲು ಮಾಡಿದರೆ ಬರೀ 12. ಹಾಗಾಗಿ ನಡುವಿನ ಎರಡರ ಮೇಲೆ ಐದು ನಿಮಿಷ ಒದ್ದಾಡೋದಕ್ಕಿಂತ ಎರಡೂ ತುದಿಗಳನ್ನ ಭದ್ರ ಮಾಡ್ಕೊಳ್ಳೋದು ಮೇಲು. ಪ್ರತಿ ಪರೀಕ್ಷೆಯಲ್ಲೂ ಇದೇ ಲೆಕ್ಕ ಇರುತ್ತೆ ಅಂತಲ್ಲ. ಆದರೆ ಹತ್ತಿರದ ಉತ್ತರಕ್ಕೂ ಸ್ವಲ್ಪ ಅಂಕ ಸಿಗೋದು ಈ ಪರೀಕ್ಷೆಗಳಲ್ಲಿ ಹೊಸದೇನಲ್ಲ.

[ಮತ್ತೆ ಐದು ಆಯ್ಕೆಗಳು]

ಈಗ ನಿಮ್ಮ ಚೀಟಿ ತೆಗೀರಿ.

ನನ್ನ ಸಾಲು ಇದು: ಇ, ಈ, ಉ, ಅ, ಆ.

ಕೊನೆಯಿಂದ ಬರ್ತೀನಿ. ಆ, ಅಂದ್ರೆ ಕಾಯೋದು, ನೋಡೋಕೆ ಸಭ್ಯವಾಗಿದೆ, ಅವರ ಕೆಲಸ ಅವರಿಗೇ ಬಿಟ್ಟ ಹಾಗೆ. ಆದರೆ ಒಂದು ಗಂಟೆಯಲ್ಲಿ ಆಗಬಾರದ್ದು ಆಗಿಹೋಗುತ್ತೆ, ಮತ್ತು ನಿಮಗೆ ಅದು ಗೊತ್ತಿತ್ತು. ಹಾನಿ ಕಣ್ಣೆದುರಿಗೆ ಇದ್ದಾಗ ಸುಮ್ಮನಿರುವ ಆಯ್ಕೆ ಬಹುತೇಕ ಕೆಳಗೇ ಹೋಗುತ್ತೆ.

ಇ ಮೇಲೆ ಯಾಕೆ? ಮ್ಯಾನೇಜರ್ ಮೀಟಿಂಗಿನಲ್ಲಿದ್ದಾರೆ ಅನ್ನೋದನ್ನ ಓದಿ ಎಷ್ಟೋ ಜನ ಇದನ್ನ ಕೆಳಗೆ ಹಾಕ್ತಾರೆ, ತೊಂದರೆ ಕೊಡಬಾರದು ಅಂತ. ಆಯ್ಕೆಯ ಮಾತನ್ನ ಇನ್ನೊಮ್ಮೆ ಓದಿ. ಮೀಟಿಂಗಿಗೆ ನುಗ್ಗೋದು ಅಂತ ಬರೆದಿಲ್ಲ, ಚಿಕ್ಕ ಮೆಸೇಜ್ ಅಂತ ಬರೆದಿದೆ. ತಪ್ಪು ಏನು, ಎಷ್ಟು ಹೊತ್ತಿದೆ ಅನ್ನೋದು ಅದರಲ್ಲಿದೆ. ನಿರ್ಧರಿಸೋ ಅಧಿಕಾರ ಇರೋರಿಗೆ, ನಿರ್ಧರಿಸೋಕೆ ಬೇಕಾದ ಮಾಹಿತಿ, ಹೊತ್ತು ಮೀರೋ ಮುಂಚೆ ತಲುಪುತ್ತೆ.

ಎರಡನೇದು "ಈ", ಅಂದ್ರೆ ಫೋನ್ ಮಾಡೋದು. ರಜೆಯಲ್ಲಿರೋರಿಗೆ ಫೋನ್ ಮಾಡೋದು ಅಷ್ಟು ಚೆನ್ನಲ್ಲ, ನಿಜ. ಆದರೆ "ತಪ್ಪಿರೋ ಹಾಗೆ ಕಾಣುತ್ತೆ" ಅಂತ ಮಾತ್ರ ಪ್ರಶ್ನೆಯಲ್ಲಿದೆ, ತಪ್ಪೇ ಅಂತ ಇಲ್ಲ. ಅದನ್ನ ಖಚಿತ ಮಾಡಬಲ್ಲವರು ಅವರೇ.

ಉಳಿದದ್ದು ಅ ಮತ್ತು ಉ. ಇಲ್ಲಿ ನಿಮ್ಮ ಸಾಲು ನನ್ನದಕ್ಕಿಂತ ಬೇರೆ ಇದ್ದರೆ ನಾನು ಜಗಳಕ್ಕೆ ಬರಲ್ಲ. ಗ್ರೂಪಿನಲ್ಲಿ ಹಾಕಿದರೆ ಅಲ್ಲಿಲ್ಲದ ಸಹೋದ್ಯೋಗಿಗೆ ಎಲ್ಲರೆದುರು ಮುಜುಗರ ಆಗುತ್ತೆ, ಆದರೂ ಯಾರಾದರೂ ಹಿರಿಯರು ನೋಡಿ ಮುಂದೆ ಬರಬಹುದು. ನೀವೇ ತಿದ್ದಿ ಕಳಿಸಿದರೆ, ನಿಮ್ಮ ಊಹೆ ತಪ್ಪಾಗಿದ್ದ ಪಕ್ಷದಲ್ಲಿ, ಸರಿ ಇದ್ದ ವರದಿಯನ್ನ ಎರಡು ತಿಂಗಳ ಹೊಸಬರು ಕೆಡಿಸಿ, ತಂಡದ ಹೆಸರಿನಲ್ಲಿ ಗ್ರಾಹಕರಿಗೆ ಕಳಿಸಿದ ಹಾಗಾಗುತ್ತೆ. ವಾಪಸ್ ತಗೊಳ್ಳೋಕೆ ಆಗದ ಹೆಜ್ಜೆ ಅದು. ನಾನು ಮೊದಲ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಆರಿಸಿದ್ದು ಇಂಥದ್ದನ್ನೇ.

ಈಗ ಚೀಟಿಯಲ್ಲಿ ಸಾಲು ಬಿಡಿ, ಕಾರಣಗಳನ್ನ ನೋಡಿ. "ಇದು ಒಳ್ಳೇದು ಅನ್ನಿಸಿತು" ಅಂತಷ್ಟೇ ಇದ್ದರೆ, ಉತ್ತರ ಸರಿ ಬಂದಿದ್ದರೂ ಅದು ಮುಂದಿನ ಪ್ರಶ್ನೆಗೆ ನೆರವಾಗಲ್ಲ. ಯಾರಿಗೆ ಹಾನಿ, ಎಷ್ಟು ಹೊತ್ತಿದೆ, ಯಾರ ಅಧಿಕಾರ, ಹಿಂದೆ ತಗೊಳ್ಳಬಹುದೇ, ಇವುಗಳಲ್ಲಿ ಒಂದಾದರೂ ಇದ್ದರೆ ನೀವು ಸರಿದಾರಿಯಲ್ಲಿದ್ದೀರಿ.

ಅಭ್ಯಾಸದ ದಾರಿ ಈಗ ಹೇಳ್ತೀನಿ. ಇದಕ್ಕೆ ಬೀಜ ಒಂದು ಕುತೂಹಲದ ಸಂಶೋಧನೆಯಲ್ಲಿದೆ. 2015ರಲ್ಲಿ ಕೆಲವು ಸಂಶೋಧಕರು ಎಸ್‌ಜೆಟಿ ಪ್ರಶ್ನೆಗಳಿಂದ ಸಂದರ್ಭದ ವಿವರಣೆಯನ್ನೇ ತೆಗೆದುಹಾಕಿ, ಬರೀ ಆಯ್ಕೆಗಳನ್ನ ಕೊಟ್ಟು ನೋಡಿದರು. ಅವರು ಪರೀಕ್ಷಿಸಿದ ಪ್ರಶ್ನೆಗಳಲ್ಲಿ ದೊಡ್ಡ ಪಾಲಿಗೆ, ವಿವರಣೆ ಇದ್ದರೂ ಇಲ್ಲದಿದ್ದರೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಅಂದ್ರೆ ಜನ ಎಷ್ಟೋ ಸಲ ಆಯ್ಕೆಯ ವಾಕ್ಯದಿಂದಲೇ ತೂಗ್ತಾರೆ. ಎಲ್ಲರೆದುರು ದೂರೋದು, ಮುಚ್ಚಿಡೋದು, ಕೇಳದೇ ಮಾಡೋದು, ಇವು ಸಂದರ್ಭ ತಿಳಿಯದಿದ್ದರೂ ಕೆಳಗಿಳೀತವೆ.

ಇದನ್ನೇ ಅಭ್ಯಾಸ ಮಾಡ್ಕೊಳ್ಳಿ. ಯಾವುದಾದರೂ ಅಣಕು ಪ್ರಶ್ನೆ ತಗೊಂಡು, ಸಂದರ್ಭವನ್ನ ಕೈಯಿಂದ ಮುಚ್ಚಿ. ಆಯ್ಕೆಗಳನ್ನ ಮಾತ್ರ ಓದಿ ಜೋಡಿಸಿ. ಆಮೇಲೆ ಕೈ ತೆಗೆದು ಸಂದರ್ಭ ಓದಿ, ಮತ್ತೆ ಜೋಡಿಸಿ. ಯಾವುದು ಜಾಗ ಬದಲಿಸಿತು? ಸಂದರ್ಭದ ಯಾವ ಪದ ಅದನ್ನ ಬದಲಿಸಿತು? ಆ ಪದದ ಕೆಳಗೆ ಗೆರೆ ಎಳೀರಿ. ನಮ್ಮ ಪ್ರಶ್ನೆಯಲ್ಲಿ ಆ ಗೆರೆ "ಒಂದು ಗಂಟೆ" ಅನ್ನೋದರ ಕೆಳಗೆ ಬೀಳುತ್ತೆ. ಗ್ರಾಹಕರ ಸಭೆ ಮುಂದಿನ ವಾರ ಅಂತ ಬದಲಿಸಿ ನೋಡಿ. ನಾಳೆ ರಜೆ ಮುಗಿಸಿ ಬರೋ ಸಹೋದ್ಯೋಗಿಗೆ ಹೇಳೋ ಆಯ್ಕೆ ತಳದಿಂದ ಎದ್ದು ತುದಿಗೆ ಬರಬಹುದು. ರಜೆಯಲ್ಲಿರೋರಿಗೆ ಫೋನ್ ಮಾಡೋದು ಕೆಳಗಿಳಿಯುತ್ತೆ. ಒಂದೇ ಪದ ಬದಲಾಗಿದ್ದು.

ಹೀಗೆ ದಿನಕ್ಕೆ ಎರಡೋ ಮೂರೋ ಪ್ರಶ್ನೆ ಸಾಕು. ಒಂದೇ ಕೂರಿಕೆಯಲ್ಲಿ ಐವತ್ತು ಪ್ರಶ್ನೆ ಮುಗಿಸಿ ಅಂಕ ನೋಡಿ ಮುಚ್ಚಿಡೋದರಿಂದ ಬರೀ ಸುಸ್ತು. ಅಭ್ಯಾಸಕ್ಕೆ ಸಾಧ್ಯವಾದಷ್ಟೂ ಆ ಸಂಸ್ಥೆಯೇ ಕೊಟ್ಟ ಮಾದರಿ ಪ್ರಶ್ನೆ, ಅದರಲ್ಲೂ ಪ್ರತಿ ಉತ್ತರಕ್ಕೆ ಕಾರಣ ಬರೆದಿರೋದನ್ನ ಹುಡುಕಿ. ಕಾರಣ ಇಲ್ಲದ ಕೀ ಉತ್ತರವನ್ನ ನಾನು ನಂಬಲ್ಲ.

ಪರೀಕ್ಷೆಯ ದಿನ ಒಂದು ಎಚ್ಚರ ಇರಲಿ. ಆಯ್ಕೆಯಲ್ಲಿ ಬರೆಯದೇ ಇರೋದನ್ನ ನೀವು ಸೇರಿಸಬೇಡಿ. "ಫೋನ್ ಮಾಡಿದರೂ ಅವರು ಎತ್ತಲ್ಲ ಬಿಡಿ" ಅಂತ ಮನಸ್ಸು ಹೇಳುತ್ತೆ. ಪ್ರಶ್ನೆ ಹಾಗೆ ಹೇಳಿಲ್ಲ. ನಿಮ್ಮ ಹಳೇ ಆಫೀಸಿನ ಮ್ಯಾನೇಜರ್ ಮೆಸೇಜಿಗೆ ಉತ್ತರ ಕೊಡ್ತಿರಲಿಲ್ಲ ಅಂದ ಮಾತ್ರಕ್ಕೆ ಈ ಮ್ಯಾನೇಜರೂ ಹಾಗೇ ಅಂತ ಲೆಕ್ಕ ಹಾಕಬೇಡಿ.

[ಐದು ಆಯ್ಕೆಗಳು ಮಾಯವಾಗಿ ಹೊಸ ಸಾಲುಗಳು]

ಹೋಗೋ ಮುಂಚೆ ಅದೇ ಸಂದರ್ಭ, ಎರಡು ಬದಲಾವಣೆ. ಸಹೋದ್ಯೋಗಿ ರಜೆಯಲ್ಲಿಲ್ಲ, ನಿಮ್ಮ ಪಕ್ಕದ ಮೇಜಿನಲ್ಲೇ ಇದ್ದಾರೆ. ನೀವು ತಪ್ಪು ತೋರಿಸಿದಾಗ ಅವರು ವರದಿ ನೋಡಿ, "ಹೌದು, ತಪ್ಪೇ. ಆದರೆ ಆ ಪುಟ ಯಾರೂ ನೋಡಲ್ಲ, ಬಿಡಿ" ಅಂತಾರೆ. ಇನ್ನೂ ಐವತ್ತು ನಿಮಿಷ ಇದೆ. ಈ ಸಲ ಆಯ್ಕೆಗಳನ್ನೂ ನೀವೇ ಬರೀರಿ, ಐದು ಬೇಕು. ಎರಡು ಒಳ್ಳೇದಿರಲಿ, ಒಂದು ಕೆಟ್ಟದ್ದಿರಲಿ, ಇನ್ನೆರಡು ನೋಡಿದೋರು ಯೋಚನೆಗೆ ಬೀಳೋ ಹಾಗಿರಲಿ. ಬರೆದಾದ ಮೇಲೆ ನಿಮ್ಮ ಹುದ್ದೆಯ ಬಗ್ಗೆ ಗೊತ್ತಿರೋ ಯಾರಿಗಾದರೂ ಕೊಟ್ಟು ಜೋಡಿಸೋಕೆ ಹೇಳಿ. ಅವರ ಸಾಲು ನಿಮ್ಮದಕ್ಕಿಂತ ಎಲ್ಲಿ ಬೇರೆಯಾಗುತ್ತೋ, ಅಲ್ಲಿ ನಿಲ್ಲಿಸಿ ಯಾಕೆ ಅಂತ ಕೇಳಿ.